ಎಸಿ ವೆಂಟ್‌ನ ಒಂದು ಪಟ್ಟಿ ಮುರಿದರೆ ಪೂರ್ತಿ ಪ್ಯಾನೆಲ್ ಬದಲಾಯಿಸಲೇಬೇಕಾ?

ನಾಲ್ಕುಚಕ್ರ
ಎಲ್ಲರಿಗೂ ನಮಸ್ಕಾರ. ಡ್ಯಾಶ್‌ಬೋರ್ಡ್ ನಡುವಿನ ಎರಡು ಎಸಿ ವೆಂಟ್‌ಗಳಲ್ಲಿ ಡ್ರೈವರ್ ಕಡೆಯದು ಕೆಟ್ಟಿದೆ. ಮುಂದೆ ಕಾಣುವ ಅಡ್ಡ ಪಟ್ಟಿಗಳಲ್ಲಿ ಮಧ್ಯದ್ದು, ಅಂದರೆ ಬೆರಳಿನಿಂದ ಸರಿಸುವ ನಾಬ್ ಇರುವ ಪಟ್ಟಿ, ಒಂದು ತುದಿಯಲ್ಲಿ ಕಳಚಿ ಜೋತುಬಿದ್ದಿದೆ. ನಾಬ್ ಎಡಕ್ಕೆ ಬಲಕ್ಕೆ ಸರಿಯುತ್ತದೆ, ಆದರೆ ಒಳಗಿನ ಉದ್ದ ಪಟ್ಟಿಗಳು ಅಲ್ಲಾಡುವುದೇ ಇಲ್ಲ. ಗಾಳಿ ಪೂರ್ತಿ ಸ್ಟೇರಿಂಗ್ ಮೇಲಿರುವ ಕೈಗೇ ಹೊಡೆಯುತ್ತದೆ.

ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಕೇಳಿದೆ. ಪಟ್ಟಿ ಬಿಡಿಯಾಗಿ ಬರುವುದಿಲ್ಲವಂತೆ, ವೆಂಟ್ ಕೂಡ ಬಿಡಿಯಾಗಿ ಇಲ್ಲವಂತೆ. ನಡುವಿನ ಪ್ಯಾನೆಲ್ ಇಡಿಯಾಗಿ ತರಿಸಬೇಕು, ಅದರ ಮೇಲೆ ಬಿಚ್ಚಿ ಕೂರಿಸುವ ಕೂಲಿ ಬೇರೆ. ಒಂದು ಬೆರಳುದ್ದದ ಪ್ಲಾಸ್ಟಿಕ್‌ಗೆ ಅಷ್ಟೊಂದು ಖರ್ಚು ಮಾಡಲು ಮನಸ್ಸಿಲ್ಲ.

ಮನೆಯಲ್ಲೇ ಮಾಡಬಹುದಾ? ಬೇರೆ ಏನೂ ಮುರಿಯದೆ ವೆಂಟ್ ಹೊರಗೆ ತೆಗೆಯುವುದು ಹೇಗೆ? ಯಾವ ಗಮ್ ಹಿಡಿಯುತ್ತದೆ? ಏರ್‌ಬ್ಯಾಗ್ ಪಕ್ಕದಲ್ಲೇ ಇರುವುದರಿಂದ ಸ್ವಲ್ಪ ಭಯವೂ ಇದೆ.

ಹಿಂದಿನ ಸೀಟು
ಮೊಬೈಲ್ ಹೋಲ್ಡರ್ ಸಿಕ್ಕಿಸಿದ್ದಿರಾ?

ನಾಲ್ಕುಚಕ್ರ
ಹಿಂದಿನ ಮಾಲೀಕರು ಸಿಕ್ಕಿಸಿದ್ದರು ಅನಿಸುತ್ತದೆ. ಪಟ್ಟಿಯ ಮೇಲೆ ಹಲ್ಲಿನ ಗುರುತು ಕಾಣುತ್ತದೆ.

ಹಿಂದಿನ ಸೀಟು
ಹಾಗಾದರೆ ಕಾರಣ ಅದೇ. ಆ ಪಟ್ಟಿಗಳು ಗಾಳಿ ತಿರುಗಿಸಲಿಕ್ಕೆ ಇರುವಂಥವು, ತೂಕ ಹೊರಲಿಕ್ಕಲ್ಲ. ಈಗಿನ ಫೋನ್‌ಗಳು ಸುಮಾರು 200 ಗ್ರಾಂ ತೂಗುತ್ತವೆ. ರಸ್ತೆಯ ಪ್ರತಿ ಗುಂಡಿಗೂ ಆ ತೂಕ ಎರಡು ಸಣ್ಣ ಪ್ಲಾಸ್ಟಿಕ್ ಪಿನ್‌ಗಳ ಮೇಲೆ ಬೀಳುತ್ತದೆ.

ಗುಜರಿ ಗುರು
ಗಮ್ ಕೊಳ್ಳುವ ಮೊದಲು ಏನು ಮುರಿದಿದೆ ಅಂತ ಖಚಿತ ಮಾಡಿಕೊಳ್ಳಿ. ಜನ ಇದನ್ನು ಬಿಟ್ಟು ನೇರ ಗಮ್‌ಗೆ ಹೋಗುತ್ತಾರೆ.

ಒಂದು ವೆಂಟ್ ಒಳಗೆ ಸಾಮಾನ್ಯವಾಗಿ ಇಷ್ಟು ಇರುತ್ತದೆ. ಹೊರಗೆ ಕಾಣುವ ಚೌಕಟ್ಟು. ಅದರ ಹಿಂದೆ ಅಡ್ಡ ಪಟ್ಟಿಗಳು, ಪ್ರತಿಯೊಂದಕ್ಕೂ ಎರಡು ತುದಿಯಲ್ಲಿ ಸಣ್ಣ ಪಿನ್. ಆ ಪಿನ್‌ಗಳು ಚೌಕಟ್ಟಿನ ತೂತುಗಳಲ್ಲಿ ಕೂತು ತಿರುಗುತ್ತವೆ. ಎಲ್ಲ ಅಡ್ಡ ಪಟ್ಟಿಗಳನ್ನೂ ಒಂದು ಪಕ್ಕದಲ್ಲಿ ಸಪೂರ ಕಡ್ಡಿಯೊಂದು ಜೋಡಿಸಿರುತ್ತದೆ. ಅದರಿಂದಲೇ ಒಂದನ್ನು ತಿರುಗಿಸಿದರೆ ಎಲ್ಲವೂ ತಿರುಗುತ್ತವೆ. ಇದರ ಹಿಂದೆ ಉದ್ದ ಪಟ್ಟಿಗಳ ಇನ್ನೊಂದು ಸಾಲು, ಅದಕ್ಕೂ ತನ್ನದೇ ಜೋಡಣೆ ಕಡ್ಡಿ. ನಾಬ್‌ನ ಹಿಂಭಾಗದಲ್ಲಿ ಕವೆಯಂಥ ಎರಡು ಕಾಲು ಇರುತ್ತವೆ. ಅವು ಹಿಂದಿನ ಸಾಲಿನ ಮಧ್ಯದ ಪಟ್ಟಿಯನ್ನು ಕಚ್ಚಿ ಹಿಡಿದು ಎಡಬಲಕ್ಕೆ ಎಳೆಯುತ್ತವೆ. ಎಲ್ಲಕ್ಕೂ ಹಿಂದೆ ಗಾಳಿ ಮುಚ್ಚುವ ಬಾಗಿಲು.

ನೀವು ಹೇಳಿದ್ದನ್ನು ನೋಡಿದರೆ ಎರಡು ತೊಂದರೆ ಇವೆ. ಪಟ್ಟಿಯ ತುದಿಯ ಪಿನ್ ಹೋಗಿದೆ. ಕವೆ ಮುರಿದಿದೆ, ಇಲ್ಲವೇ ಪಟ್ಟಿ ಜೋತಿದ್ದರಿಂದ ಕವೆ ಸುಮ್ನೆ ತಪ್ಪಿಕೊಂಡಿದೆ. ಎರಡನೆಯದಾದರೆ ಕೆಲಸ ಅರ್ಧ ಮುಗಿದ ಹಾಗೆ. ಟಾರ್ಚ್ ಹಿಡಿದು ಪಟ್ಟಿಗಳ ಸಂದಿಯಿಂದ ನೋಡಿ, ಕವೆಯ ಎರಡೂ ಕಾಲು ಇವೆಯಾ?

ಎಂಜಿನ್ ಬಿಸಿ
ಇಷ್ಟೆಲ್ಲ ಯಾಕೆ? ಚಿಮಟದಲ್ಲಿ ಪಟ್ಟಿ ಎತ್ತಿ ಹಿಡಿದು ತುದಿಗೆ ಒಂದು ಹನಿ ಸೂಪರ್ ಗ್ಲೂ ಬಿಡಿ. ಏನೂ ಬಿಚ್ಚಬೇಕಾಗಿಲ್ಲ.

ಪ್ಲಾಸ್ಟಿಕ್ ಮೇಷ್ಟ್ರು
ದಯವಿಟ್ಟು ಹಾಗೆ ಮಾಡಬೇಡಿ. ಆ ತುದಿ ತಿರುಗಬೇಕಾದ ಜಾಗ. ಅಲ್ಲಿ ಗಮ್ ಬಿಟ್ಟರೆ ಪಟ್ಟಿ ಚೌಕಟ್ಟಿಗೇ ಅಂಟುತ್ತದೆ. ಒಂದು ಪಟ್ಟಿ ಅಂಟಿದರೆ ಜೋಡಣೆ ಕಡ್ಡಿಯಿಂದಾಗಿ ಎಲ್ಲವೂ ನಿಂತುಹೋಗುತ್ತವೆ. ಆಮೇಲೆ ಯಾರಾದರೂ ನಾಬ್ ಒತ್ತಿ ತಿರುಗಿಸಿದರೆ ಚೆನ್ನಾಗಿದ್ದ ಇನ್ನೊಂದು ತುದಿಯೂ ಮುರಿಯುತ್ತದೆ.

ಇನ್ನೊಂದು ವಿಷಯ. ಸೂಪರ್ ಗ್ಲೂ ಒಣಗುವಾಗ ಅದರ ಆವಿ ಸುತ್ತ ಕೂತು ಬಿಳಿ ಮಬ್ಬು ಬರುತ್ತದೆ. ಕಪ್ಪು ಡ್ಯಾಶ್‌ಬೋರ್ಡ್ ಮೇಲೆ ಅದು ಎದ್ದು ಕಾಣುತ್ತದೆ.

ಎಂಜಿನ್ ಬಿಸಿ
ನನ್ನ ಕಾರಿನಲ್ಲಿ ಹಾಗೇ ಮಾಡಿ ಬಹಳ ಕಾಲವಾಯಿತು, ಇನ್ನೂ ಗಟ್ಟಿಯಾಗಿದೆ.

ಪ್ಲಾಸ್ಟಿಕ್ ಮೇಷ್ಟ್ರು
ನಿಮ್ಮ ಪಟ್ಟಿ ಈಗ ತಿರುಗುತ್ತದಾ?

ಎಂಜಿನ್ ಬಿಸಿ
ತಿರುಗುವುದಿಲ್ಲ. ನನಗೆ ಬೇಕಾದ ದಿಕ್ಕಿಗೇ ಅಂಟಿಸಿದ್ದೇನೆ. ನನಗೆ ಅಷ್ಟು ಸಾಕು. ಎಲ್ಲರಿಗೂ ತಿರುಗಲೇಬೇಕು ಅಂತ ಏನಿಲ್ಲ ಅಲ್ವಾ?

ವೈರಿಂಗ್ ಅಕ್ಕ
ಗಮ್ ಜಗಳ ಆಮೇಲೆ. ಏರ್‌ಬ್ಯಾಗ್ ಬಗ್ಗೆ ಕೇಳಿದ್ದಾರೆ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ನಡುವಿನ ವೆಂಟ್ ಬಿಚ್ಚುವಾಗ ಸಾಮಾನ್ಯವಾಗಿ ಏರ್‌ಬ್ಯಾಗ್ ಮುಟ್ಟುವ ಪ್ರಸಂಗ ಬರುವುದಿಲ್ಲ. ಆದರೂ ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ. ಏರ್‌ಬ್ಯಾಗ್ ಕಂಟ್ರೋಲರ್ ಒಳಗೆ ಕೆಪಾಸಿಟರ್ ಇರುತ್ತದೆ. ಅಪಘಾತದಲ್ಲಿ ಬ್ಯಾಟರಿ ಸಂಪರ್ಕ ಹೋದರೂ ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿ ಅಂತ ಅದರಲ್ಲಿ ವಿದ್ಯುತ್ ಉಳಿಸಿಟ್ಟಿರುತ್ತಾರೆ. ಅದು ಖಾಲಿಯಾಗಲು ಸಮಯ ಬೇಕು. ಕಾರಿನಿಂದ ಕಾರಿಗೆ ಈ ಸಮಯ ಬೇರೆ. ಹತ್ತು ನಿಮಿಷ ಜಾಸ್ತಿ ಕಾದರೆ ನಷ್ಟವೇನಿಲ್ಲ.

ಹಳದಿ ಬಣ್ಣದ ಕನೆಕ್ಟರ್ ಅಥವಾ ಹಳದಿ ಕವಚದ ವೈರ್ ಕಂಡರೆ ಕೈ ಹಾಕಬೇಡಿ. ಏರ್‌ಬ್ಯಾಗ್ ವೈರಿಂಗ್‌ಗೆ ಆ ಬಣ್ಣವನ್ನೇ ಬಳಸುವುದು ರೂಢಿ. ಮೀಟರ್ ಇಟ್ಟು ಪರೀಕ್ಷೆ ಮಾಡುವುದಂತೂ ಬೇಡವೇ ಬೇಡ.

ಎಷ್ಟೋ ಕಾರುಗಳಲ್ಲಿ ನಡುವಿನ ಪ್ಯಾನೆಲ್‌ನಲ್ಲೇ ಹಜಾರ್ಡ್ ಸ್ವಿಚ್ ಇರುತ್ತದೆ, ಕೆಲವದರಲ್ಲಿ ಪ್ಯಾಸೆಂಜರ್ ಏರ್‌ಬ್ಯಾಗ್ ಆನ್-ಆಫ್ ದೀಪವೂ ಅಲ್ಲೇ. ಅವುಗಳ ಪ್ಲಗ್ ಕಳಚಿದ ಮೇಲೆ ಇಗ್ನಿಷನ್ ಆನ್ ಮಾಡಬೇಡಿ. ಮಾಡಿದರೆ ಏರ್‌ಬ್ಯಾಗ್ ಎಚ್ಚರಿಕೆ ದೀಪ ಹತ್ತಿಕೊಂಡು ಹಾಗೇ ಉಳಿಯಬಹುದು, ಅದನ್ನು ಅಳಿಸಲು ಕಾರಿನ ದೋಷ ಓದುವ ಸ್ಕ್ಯಾನರ್ ಬೇಕಾಗುತ್ತದೆ. ಉಳಿಸಲು ಹೊರಟ ಖರ್ಚು ಅಲ್ಲಿಗೇ ಹೋಗುತ್ತದೆ.

ಹಿಂದಿನ ಸೀಟು
ಬ್ಯಾಟರಿ ಕಳಚುವ ಮೊದಲು ರೇಡಿಯೋ ಕೋಡ್ (ವಿದ್ಯುತ್ ಹೋಗಿ ಬಂದಾಗ ಕೆಲವು ರೇಡಿಯೋ ಕೇಳುವ ಗುಪ್ತ ಸಂಖ್ಯೆ) ಇದೆಯಾ ನೋಡಿಕೊಳ್ಳಿ. ಪವರ್ ಕಿಟಕಿಗೆ ತಾನೇ ಪೂರ್ತಿ ಏರುವ ಆಟೋ ಸೌಲಭ್ಯ ಕೂಡ ಮರೆತುಹೋಗುತ್ತದೆ. ಮತ್ತೆ ಕಲಿಸಬೇಕು. ಸಾಮಾನ್ಯವಾಗಿ ಗಾಜು ಪೂರ್ತಿ ಮೇಲಕ್ಕೆ ಹೋದ ಮೇಲೂ ಗುಂಡಿಯನ್ನು ಕೆಲವು ಸೆಕೆಂಡ್ ಹಿಡಿದರೆ ಸಾಕು.

ನಿಧಾನವೇ ದಾರಿ
ಬಿಚ್ಚುವ ಬಗ್ಗೆ ನಾನು ಹೇಳುತ್ತೇನೆ. ಕ್ಲಿಪ್ ಮುರಿಯಲು ಎರಡೇ ಕಾರಣ: ಚಳಿ ಮತ್ತು ಅವಸರ. ತಣ್ಣಗಿರುವ ಪ್ಲಾಸ್ಟಿಕ್ ಬಾಗುವುದಿಲ್ಲ, ಸೀಳುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಾದರೆ ಒಳ್ಳೆಯದು. ಇಲ್ಲವಾದರೆ ಹೀಟರ್ ಹಾಕಿ ಸ್ವಲ್ಪ ಹೊತ್ತು ಬಿಡಿ.

ವೆಂಟ್ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ. ಸ್ಕ್ರೂಡ್ರೈವರ್ ಬೇಡ, ಪ್ಲಾಸ್ಟಿಕ್ ಟ್ರಿಮ್ ಟೂಲ್ ತಗೊಳ್ಳಿ. ಅದು ಇಲ್ಲದಿದ್ದರೆ ಹಳೆಯ ಪ್ಲಾಸ್ಟಿಕ್ ಕಾರ್ಡ್ ಒಂದೆರಡು ಜೋಡಿಸಿ. ಒಂದೇ ಕಡೆ ಹಾಕಿ ಎತ್ತಬೇಡಿ. ಒಂದು ಮೂಲೆ ಸ್ವಲ್ಪ ಸಡಿಲವಾದ ಮೇಲೆ ಆ ಸಂದಿಗೆ ಏನಾದರೂ ಸಿಕ್ಕಿಸಿ ಮುಂದಿನ ಮೂಲೆಗೆ ಹೋಗಿ. ಎಲ್ಲಿ ಬರುವುದಿಲ್ಲವೋ ಅಲ್ಲಿ ಸ್ಕ್ರೂ ಇರಬಹುದು ಅಂತಲೇ ತಿಳಿಯಿರಿ. ಸ್ಕ್ರೂಗಳು ಹೆಚ್ಚಾಗಿ ಸ್ಟೀರಿಯೋ ಚೌಕಟ್ಟಿನ ಹಿಂದೆ ಅಥವಾ ವೆಂಟ್ ಕೆಳಗಿನ ಅಂಚಿನಲ್ಲಿ ಅಡಗಿರುತ್ತವೆ.

ಕೆಲವು ವೆಂಟ್‌ಗಳು ಮುಂದಿನಿಂದ ಎಳೆದರೆ ಬರುತ್ತವೆ, ಕೆಲವು ಹಿಂದಿನಿಂದ ತಳ್ಳಿದರೆ ಮಾತ್ರ. ನಿಮ್ಮ ಮಾಡೆಲ್ ಮತ್ತು ವರ್ಷದ ವಿಡಿಯೋ ನೋಡದೆ ಕೈ ಹಾಕಬೇಡಿ. ಅದೇ ಹೆಸರಿನ ಕಾರು, ಆದರೆ ಫೇಸ್‌ಲಿಫ್ಟ್ (ನಡುವೆ ರೂಪ ಬದಲಿಸುವುದು) ಆದ ಮೇಲೆ ಕ್ಲಿಪ್ ಜಾಗವೇ ಬದಲಾಗಿರುತ್ತದೆ.

ಹೊರಬಂದ ಮೇಲೆ ಲೋಹದ ಕ್ಲಿಪ್‌ಗಳನ್ನು ಎಣಿಸಿ. ಒಂದೆರಡು ಡ್ಯಾಶ್‌ಬೋರ್ಡ್ ತೂತಿನಲ್ಲೇ ಉಳಿದಿರುತ್ತವೆ. ಅವನ್ನು ತೆಗೆದು ವೆಂಟ್‌ಗೆ ಸಿಕ್ಕಿಸಿಯೇ ವಾಪಸ್ ಕೂರಿಸಬೇಕು.

ತಂಪುಗಾಳಿ
ಯಾವ ತುದಿಯನ್ನಾದರೂ ಎಳೆಯಿರಿ, ಪಟ್ಟಿಗಳನ್ನು ಮಾತ್ರ ಹಿಡಿದು ಎಳೆಯಬೇಡಿ. ಮುರಿದದ್ದು ಒಂದು ಇದ್ದದ್ದು ಮೂರಾಗುತ್ತದೆ.

ನಾಲ್ಕುಚಕ್ರ
ಎಲ್ಲರಿಗೂ ಧನ್ಯವಾದ. ಟಾರ್ಚ್ ಹಿಡಿದು ನೋಡಿದೆ. ಕವೆಯ ಎರಡೂ ಕಾಲು ಇವೆ, ಪಟ್ಟಿ ಜೋತಿದ್ದರಿಂದ ತಪ್ಪಿಕೊಂಡಿದೆ ಅಷ್ಟೇ. ತುದಿಯ ಪಿನ್ ಮಾತ್ರ ಬುಡದಲ್ಲೇ ತುಂಡಾಗಿದೆ. ಆ ತುಂಡು ಕಾಣುತ್ತಿಲ್ಲ. ತಿರುವಿನಲ್ಲಿ ಒಳಗೆ ಟಿಕ್ ಟಿಕ್ ಅನ್ನುವುದು ಅದೇ ಇರಬೇಕು. ಅದು ಫ್ಯಾನ್‌ಗೆ ಹೋಗಿ ಸಿಕ್ಕಿಕೊಳ್ಳುತ್ತದಾ?

ಗುಜರಿ ಗುರು
ಗಾಳಿ ಫ್ಯಾನ್‌ನಿಂದ ವೆಂಟ್ ಕಡೆಗೆ ಬರುತ್ತದೆ. ಎಸಿ ಓಡುತ್ತಿರುವಾಗ ಅಷ್ಟು ಹಿಂದಕ್ಕೆ ಹೋಗುವುದು ಕಷ್ಟ. ಸಾಮಾನ್ಯವಾಗಿ ಪೈಪ್ ಬಾಗುವ ತಗ್ಗಿನಲ್ಲಿ ಕೂತಿರುತ್ತದೆ. ವೆಂಟ್ ಹೊರಗೆ ತೆಗೆದಾಗ ವ್ಯಾಕ್ಯೂಮ್ ಕ್ಲೀನರ್ ಕೊಳವೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ ಒಳಗೆ ಬಿಡಿ. ತುಂಡು ಬಟ್ಟೆಗೆ ಬಂದು ಅಂಟುತ್ತದೆ, ಡಬ್ಬಿ ಸೇರುವುದಿಲ್ಲ. ಕೊಳವೆ ದಪ್ಪವಾದರೆ ಬಾಗುವ ತಂತಿಯ ತುದಿಗೆ ಎರಡು ಕಡೆ ಅಂಟುವ ಟೇಪ್ ಸುತ್ತಿ ಪ್ರಯತ್ನಿಸಿ. ಅದು ಸಿಗುವ ತನಕ ವೆಂಟ್ ತೆರೆದಿಟ್ಟು ಫ್ಯಾನ್ ಜೋರಾಗಿ ಹಾಕಬೇಡಿ. ಕಣ್ಣಿಗೆ ಹಾರಿದರೆ ಕಷ್ಟ.

ಮೂರು ಆಯಾಮ
ಪಿನ್ ಮುರಿದದ್ದಕ್ಕೆ ಹೊಸ ಪಟ್ಟಿಯನ್ನೇ 3ಡಿ ಪ್ರಿಂಟ್ ಮಾಡಿಸಿ. ಕೆಲವು ಮಾಡೆಲ್‌ಗಳ ವೆಂಟ್ ಪಟ್ಟಿ, ನಾಬ್, ಕವೆಗಳ ವಿನ್ಯಾಸ ಆನ್‌ಲೈನ್‌ನಲ್ಲಿ ಉಚಿತವಾಗಿಯೇ ಸಿಗುತ್ತವೆ. ಇಲ್ಲದಿದ್ದರೆ ಪಕ್ಕದ ಚೆನ್ನಾಗಿರುವ ಪಟ್ಟಿಯನ್ನು ಕ್ಯಾಲಿಪರ್‌ನಲ್ಲಿ ಅಳೆದು ಬರೆಯಬಹುದು.

ಪ್ಲಾಸ್ಟಿಕ್ ಮೇಷ್ಟ್ರು
ಸರಿ, ಆದರೆ 3ಡಿ ಪ್ರಿಂಟ್‌ಗೆ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಬೇಡ ಅಂತ ಮೊದಲೇ ಹೇಳಿ. ಅದು ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಬಿಸಿಯಾಗುತ್ತದೆ. ಅಮೆರಿಕದ ಅರಿಜೋನಾದಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸಿಗೆ ಬಿಸಿಲಿಗೆ ಒಂದು ಗಂಟೆ ನಿಂತ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಪಿಎಲ್‌ಎ ಪಟ್ಟಿ ಅಲ್ಲಿ ಬಾಗಿಹೋಗುತ್ತದೆ.

ಮೂರು ಆಯಾಮ
ಒಪ್ಪಿದೆ. ಪಿಇಟಿಜಿ ಸುಮಾರು 80ರ ತನಕ ತಡೆಯುತ್ತದೆ, ಎಬಿಎಸ್ ಮತ್ತು ಎಎಸ್‌ಎ 100ರ ಆಸುಪಾಸಿನ ತನಕ. ಎಎಸ್‌ಎ ಬಿಸಿಲಿಗೆ ಬಣ್ಣ ಕೆಡುವುದೂ ಕಡಿಮೆ, ನನ್ನ ಆಯ್ಕೆ ಅದೇ. ಪಟ್ಟಿಯನ್ನು ಮಲಗಿಸಿ ಪ್ರಿಂಟ್ ಮಾಡಬೇಕು. ನಿಲ್ಲಿಸಿ ಮಾಡಿದರೆ ಪದರಗಳು ಪಿನ್‌ಗೆ ಅಡ್ಡ ಬರುತ್ತವೆ, ಬೆರಳು ತಾಗಿದರೆ ಪಿನ್ ಕಿತ್ತುಬರುತ್ತದೆ.

ಸೂಜಿಕಣ್ಣು
ಪ್ರಿಂಟರ್ ಯಾಕೆ ಬೇಕು? ಮನೆಯಲ್ಲಿ ಒಂದು ಗುಂಡುಸೂಜಿ ಇಲ್ವಾ?

ನಾನು ಮಾಡುವ ಕ್ರಮ ಇದು. ವೆಂಟ್ ಹೊರಗೆ ತೆಗೆದು ಪಟ್ಟಿ ಬಿಡಿಸಿ. ಮುರಿದ ತುದಿಯನ್ನು ಸಣ್ಣ ಅರದಿಂದ ಸಮ ಮಾಡಿ. ಇನ್ನೊಂದು ತುದಿಯಲ್ಲಿ ಪಿನ್ ಎಲ್ಲಿದೆ ನೋಡಿ ಅದೇ ಜಾಗಕ್ಕೆ ಗುರುತು ಹಾಕಿ. ಪಿನ್ ಯಾವಾಗಲೂ ಪಟ್ಟಿಯ ಮಧ್ಯದಲ್ಲಿ ಇರುವುದಿಲ್ಲ, ಇದನ್ನು ಗಮನಿಸಿ. ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್‌ನಿಂದ 0.8 ಮಿಲಿಮೀಟರ್ ತೂತು, ಆಳ 5 ಮಿಲಿಮೀಟರ್ ಸಾಕು. ಮೆಷಿನ್ ಡ್ರಿಲ್ ಹಾಕಿದರೆ ಪ್ಲಾಸ್ಟಿಕ್ ಕರಗಿ ಬಿಟ್‌ಗೆ ಸುತ್ತಿಕೊಳ್ಳುತ್ತದೆ, ಪಟ್ಟಿಯ ಪಕ್ಕಕ್ಕೂ ತೂರಿ ಬರಬಹುದು. ಗುಂಡುಸೂಜಿಯ ತಲೆ ಕತ್ತರಿಸಿ, ಒಳಗೆ ಹೋಗುವ ಭಾಗವನ್ನು ಅರದಲ್ಲಿ ಸ್ವಲ್ಪ ಒರಟು ಮಾಡಿ, ಎರಡು ಭಾಗ ಬೆರೆಸುವ ಎಪಾಕ್ಸಿ ಸವರಿ ತೂರಿಸಿ. ಹೊರಗೆ ಉಳಿಯುವ ಉದ್ದ ಹಳೆಯ ಪಿನ್‌ನಷ್ಟೇ ಇರಲಿ.

ಈಗ ಮುಖ್ಯ ಮಾತು. ಚೌಕಟ್ಟಿನ ತೂತು ಪ್ಲಾಸ್ಟಿಕ್ ಪಿನ್‌ಗೆ ಮಾಡಿದ್ದು, ಸೂಜಿಗಿಂತ ಅಗಲ. ಹಾಗೇ ಕೂರಿಸಿದರೆ ಪಟ್ಟಿ ಗಡಗಡ ಅನ್ನುತ್ತದೆ. ಸಪೂರ ವೈರ್‌ನ ಪ್ಲಾಸ್ಟಿಕ್ ಕವಚ ಸುಲಿದು ಸೂಜಿಗೆ ತೊಡಿಸಿ. ತೂತು ತುಂಬುತ್ತದೆ, ತಿರುಗಿಸುವಾಗ ಸ್ವಲ್ಪ ಬಿಗಿಯೂ ಸಿಗುತ್ತದೆ. ಬೀಳುವ ಪಟ್ಟಿಗೂ ಇದೇ ಮದ್ದು.

ಭಾರ ಹೊರುವುದು ಸೂಜಿ. ಗಮ್ ಅದನ್ನು ಜಾಗದಲ್ಲಿ ಹಿಡಿದರೆ ಸಾಕು. ಬರೀ ಗಮ್ ಮೇಲೆ ಭಾರ ಹಾಕಿದ್ದೆಲ್ಲ ಒಂದು ಬೇಸಿಗೆ ದಾಟುವುದಿಲ್ಲ.

ನಿಧಾನವೇ ದಾರಿ
ವೈರ್ ಕವಚದ ಉಪಾಯ ಬಹಳ ಚೆನ್ನಾಗಿದೆ. ಇಲ್ಲಿ ಇಷ್ಟು ದಿನ ಯಾರೂ ಹೇಳಿರಲಿಲ್ಲ.

ಎಂಜಿನ್ ಬಿಸಿ
ಎಪಾಕ್ಸಿ ಒಣಗುವ ತನಕ ಯಾರು ಕಾಯುತ್ತಾರೆ. ಸೂಪರ್ ಗ್ಲೂ ಮೇಲೆ ಅಡುಗೆ ಸೋಡಾ ಉದುರಿಸಿ, ಕ್ಷಣದಲ್ಲಿ ಕಲ್ಲಾಗುತ್ತದೆ.

ಪ್ಲಾಸ್ಟಿಕ್ ಮೇಷ್ಟ್ರು
ಅದು ನಿಜ, ಸೋಡಾ ಬಿದ್ದ ಕೂಡಲೇ ಗಟ್ಟಿಯಾಗುತ್ತದೆ. ಹಾಗೆ ಆಗುವಾಗ ಬಿಸಿಯಾಗಿ ಖಾರದ ಆವಿಯೂ ಬರುತ್ತದೆ, ಮುಖ ಹತ್ತಿರ ತರಬೇಡಿ. ಒಡೆದ ಚೌಕಟ್ಟಿನ ಹಿಂಭಾಗ ತುಂಬಲು, ಕಳೆದುಹೋದ ಮೂಲೆ ಕಟ್ಟಲು ಒಳ್ಳೆಯದೇ. ಆದರೆ ಗಾಜಿನಂಥ ಗಟ್ಟಿ, ಬಾಗಿದರೆ ಪಟ್ಟನೆ ಒಡೆಯುತ್ತದೆ. ಅಷ್ಟು ಸಪೂರ ಪಿನ್‌ಗೆ ಹೊಂದುವುದಿಲ್ಲ.

ಇನ್ನೂ ದೊಡ್ಡ ಪ್ರಶ್ನೆ ನಿಮ್ಮ ಪಟ್ಟಿ ಯಾವ ಪ್ಲಾಸ್ಟಿಕ್ ಅನ್ನುವುದು. ವೆಂಟ್ ಹಿಂದೆ ಬಾಣದ ತಲೆಗಳಂಥ ಎರಡು ಗುರುತಿನ ನಡುವೆ ಅಕ್ಷರಗಳು ಅಚ್ಚಾಗಿರುತ್ತವೆ. ಐಎಸ್‌ಒ 11469 ಅನ್ನುವ ಮಾನದಂಡದ ಪ್ರಕಾರ ಹಾಕುವ ಗುರುತು ಅದು. ಎಬಿಎಸ್ ಅಂತಿದ್ದರೆ ನಿಮ್ಮ ಅದೃಷ್ಟ, ಬಹುಪಾಲು ಗಮ್‌ಗಳು ಹಿಡಿಯುತ್ತವೆ. ಪಿಸಿ ಪ್ಲಸ್ ಎಬಿಎಸ್ ಇದ್ದರೂ ಎಪಾಕ್ಸಿ ಹಿಡಿಯುತ್ತದೆ. ಪಿಪಿ ಅಂದರೆ ಪಾಲಿಪ್ರೊಪಿಲೀನ್, ಅದಕ್ಕೆ ಗಮ್ ಹಿಡಿಯಲೆಂದು ಮೊದಲು ಸವರುವ ಪ್ರೈಮರ್ ಇಲ್ಲದೆ ಸೂಪರ್ ಗ್ಲೂ ನಿಲ್ಲುವುದಿಲ್ಲ. ಪಿಒಎಂ ಇದ್ದರೆ ಗಮ್ ಆಸೆ ಬಿಡಿ. ಅದು ನುಣುಪಾಗಿ ಜಾರುವ ಪ್ಲಾಸ್ಟಿಕ್, ಕವೆ ಮತ್ತು ಜೋಡಣೆ ಕಡ್ಡಿಗೆ ಹೆಚ್ಚಾಗಿ ಅದನ್ನೇ ಬಳಸುತ್ತಾರೆ. ತಿರುಗಲು ಚೆನ್ನಾಗಿರುವ ಗುಣವೇ ಅಂಟಿಸಲು ತೊಂದರೆ.

ನಾಲ್ಕುಚಕ್ರ
ಒಂದು ಪ್ರಶ್ನೆ. ಪಟ್ಟಿ ತುಂಬಾ ಸಣ್ಣದು, ಅದರ ಮೇಲೆ ಗುರುತೇ ಇರದಿದ್ದರೆ?

ಪ್ಲಾಸ್ಟಿಕ್ ಮೇಷ್ಟ್ರು
ಅದರ ಒಂದು ಚೂರನ್ನು ನೀರಿಗೆ ಹಾಕಿ. ಪಿಪಿ ನೀರಿಗಿಂತ ಹಗುರ, ತೇಲುತ್ತದೆ. ಎಬಿಎಸ್, ಪಿಒಎಂ, ನೈಲಾನ್ ಎಲ್ಲ ಮುಳುಗುತ್ತವೆ.

ಸಣ್ಣ ಕೈ
ಮೇಷ್ಟ್ರೇ, ಒಂದು ತಿದ್ದುಪಡಿ. ಕಾರಿನ ಭಾಗಗಳಲ್ಲಿ ಪಿಪಿಗೆ ಟಾಲ್ಕ್ ಪುಡಿ ಬೆರೆಸುವುದು ಸಾಮಾನ್ಯ. 20 ಶೇಕಡಾ ಟಾಲ್ಕ್ ಇರುವ ಪಿಪಿ ನೀರಿಗಿಂತ ಸ್ವಲ್ಪ ಭಾರ. ಅದೂ ಮುಳುಗುತ್ತದೆ. ತೇಲಿದರೆ ಪಿಪಿ ಅಂತ ಹೇಳಬಹುದು, ಮುಳುಗಿದರೆ ಪಿಪಿ ಅಲ್ಲ ಅಂತ ಹೇಳಲಾಗುವುದಿಲ್ಲ.

ಅಸಿಟೋನ್ ಪರೀಕ್ಷೆ ಇನ್ನೂ ಖಚಿತ. ಕಾಣದ ಜಾಗದಲ್ಲಿ ಹತ್ತಿಯ ತುದಿಯಿಂದ ಒಂದು ಹನಿ ಮುಟ್ಟಿಸಿ. ಎಬಿಎಸ್ ಆದರೆ ಮೇಲ್ಮೈ ಅಂಟಂಟಾಗುತ್ತದೆ. ಪಿಪಿ, ಪಿಒಎಂ, ನೈಲಾನ್‌ಗೆ ಏನೂ ಆಗುವುದಿಲ್ಲ.

ಪ್ಲಾಸ್ಟಿಕ್ ಮೇಷ್ಟ್ರು
ಸರಿಯಾಗಿ ಹೇಳಿದಿರಿ. ಟಾಲ್ಕ್ ಇದ್ದರೆ ಗುರುತಿನಲ್ಲಿ ಪಿಪಿ ಪಕ್ಕ ಟಿಡಿ20 ಅಂತ ಇರುತ್ತದೆ, ಅದನ್ನೂ ಸೇರಿಸಿಕೊಳ್ಳಿ.

ಸೂಜಿಕಣ್ಣು
ಪಿಪಿ ಅಥವಾ ಪಿಒಎಂ ಆದರೆ ಎಪಾಕ್ಸಿ ಬಿಟ್ಟು ಬಿಸಿ ಸೂಜಿ ಮಾಡಿ. ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಬೆಸುಗೆ ಕಡ್ಡಿಯಿಂದ (ಸೋಲ್ಡರಿಂಗ್ ಐರನ್) ಕಾಯಿಸುತ್ತಾ ನೇರವಾಗಿ ಒತ್ತಿ. ಪ್ಲಾಸ್ಟಿಕ್ ಕರಗಿ ಸೂಜಿಯ ಸುತ್ತ ಹಿಡಿದುಕೊಳ್ಳುತ್ತದೆ. ಒಳಗೆ ಹೋಗುವ ತುದಿಯನ್ನು ಮೊದಲೇ ಸ್ವಲ್ಪ ಬಾಗಿಸಿದ್ದರೆ ಹೊರಗೆ ಜಾರುವುದಿಲ್ಲ. ಪಿಒಎಂ ಜಾಸ್ತಿ ಕಾದರೆ ಫಾರ್ಮಾಲ್ಡಿಹೈಡ್ ಬಿಡುತ್ತದೆ, ಕಣ್ಣು ಮೂಗು ಉರಿಯುತ್ತದೆ. ಹೊರಗೆ ಗಾಳಿಯಲ್ಲಿ ಮಾಡಿ, ಕರಗುವಷ್ಟೇ ಕಾಯಿಸಿ.

ಮೂರು ಆಯಾಮ
ಎಬಿಎಸ್ ಆದರೆ ಅಸಿಟೋನ್ ಪೇಸ್ಟ್ ಮರೆಯಬೇಡಿ. ಎಬಿಎಸ್ ಚೂರುಗಳನ್ನು ಗಾಜಿನ ಬಾಟಲಿಯಲ್ಲಿ ಅಸಿಟೋನ್‌ಗೆ ಹಾಕಿಟ್ಟರೆ ಕರಗಿ ಪೇಸ್ಟ್ ಆಗುತ್ತದೆ. ಚೂರಿಗೆ ಲೆಗೋ ಇಟ್ಟಿಗೆಯೂ ಆಗುತ್ತದೆ, 1963ರಿಂದ ಅವು ಎಬಿಎಸ್‌ನಲ್ಲೇ ಬರುತ್ತಿವೆ. ಇದು ಅಂಟಿಸುವುದಲ್ಲ, ಎರಡು ತುಂಡು ಒಂದಾಗುತ್ತವೆ. ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಿ.

ಹಿಂದಿನ ಸೀಟು
ಮಕ್ಕಳ ಲೆಗೋಗೆ ಕೈ ಹಾಕಬೇಡಿ. ವೆಂಟ್ ಹಿಂದೆ ಕಾಣದ ಏಣು ಒಂದರಿಂದ ಚೂರು ಕೆರೆದರೆ ಬಣ್ಣವೂ ಹೊಂದುತ್ತದೆ.

ವೈರಿಂಗ್ ಅಕ್ಕ
ಅಸಿಟೋನ್‌ಗೆ ಬೆಂಕಿ ಬಲು ಬೇಗ ಹತ್ತುತ್ತದೆ. ಕಾರಿನ ಒಳಗೆ ಕೂತು ಬಳಸಬೇಡಿ, ಬೆಸುಗೆ ಕಡ್ಡಿ ಪಕ್ಕದಲ್ಲಂತೂ ಬೇಡ. ಥರ್ಮೋಕೋಲ್ ಲೋಟದಲ್ಲಿ ಸುರಿದರೆ ಲೋಟವೇ ಕರಗುತ್ತದೆ. ನೇಲ್ ಪಾಲಿಶ್ ರಿಮೂವರ್ ಎಲ್ಲದರಲ್ಲೂ ಅಸಿಟೋನ್ ಇರುವುದಿಲ್ಲ, ಇರುವುದರಲ್ಲೂ ಎಣ್ಣೆ, ಸುವಾಸನೆ ಬೆರೆಸಿರುತ್ತಾರೆ. ಲೇಬಲ್ ಓದಿ.

ತಂಪುಗಾಳಿ
ಸುವಾಸನೆ ಅಂದಾಗ ನೆನಪಾಯಿತು. ವೆಂಟ್‌ಗೆ ಸಿಕ್ಕಿಸುವ ದ್ರವದ ಪರ್ಫ್ಯೂಮ್ ಬಾಟಲಿಗಳೂ ಇದೇ ಕೆಲಸ ಮಾಡುತ್ತವೆ. ಅದರ ಎಣ್ಣೆ ಸೋರಿ ಪ್ಲಾಸ್ಟಿಕ್‌ಗೆ ಇಳಿದರೆ ಕೂದಲೆಳೆ ಬಿರುಕು ಬರುತ್ತದೆ. ನಮ್ಮ ಕಾರಿನಲ್ಲಿ ಬಾಟಲಿ ಇದ್ದ ಕಡೆಯ ಪಟ್ಟಿಗಳು ಮಾತ್ರ ಬಿಳಚಿ ಮುರಿದವು, ಪಕ್ಕದವು ಇನ್ನೂ ಹೊಸದರಂತಿವೆ.

ಹಳೆಯ ಮೆಕ್ಯಾನಿಕ್
ಸರ್ವಿಸ್ ಸೆಂಟರ್ ಬಗ್ಗೆ ಸಿಟ್ಟಿನಿಂದ ಬರೆದಿದ್ದೀರಿ. ಅಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ನಮಗೂ ಬೇರೆ ದಾರಿ ಇರುವುದಿಲ್ಲ. ಪಾರ್ಟ್ಸ್ ಪಟ್ಟಿಯಲ್ಲಿ ನಂಬರ್ ಇರುವುದನ್ನು ಮಾತ್ರ ತರಿಸಬಹುದು. ವೆಂಟ್‌ನ ಒಂದು ಪಟ್ಟಿಗೆ ನಂಬರ್ ಇರುವುದಿಲ್ಲ. ಬೇರೆ ಕಂಪನಿ ಇಡೀ ವೆಂಟ್ ಜೋಡಿಸಿ ಕಳಿಸಿರುತ್ತದೆ, ಕಾರು ತಯಾರಿಸುವವರು ಅದನ್ನು ಒಂದೇ ಭಾಗ ಅಂತ ಎಣಿಸುತ್ತಾರೆ. ಗುಂಡುಸೂಜಿ ಹಾಕಿ ರಿಪೇರಿ ಮಾಡಿಕೊಟ್ಟು ಅದು ಮತ್ತೆ ಮುರಿದರೆ ಗ್ರಾಹಕರು ನಮ್ಮನ್ನೇ ಕೇಳುತ್ತಾರೆ. ಹೊಸ ಭಾಗಕ್ಕಾದರೆ ವಾರಂಟಿ ಇದೆ.

ಸಣ್ಣ ಕೈ
ಮೆಕ್ಯಾನಿಕ್ ಮೇಲೆ ಯಾರಿಗೂ ಸಿಟ್ಟಿಲ್ಲ. ಆದರೆ ಮುರಿಯುವುದು ಯಾವ ಭಾಗ ಅಂತ ತಯಾರಕರಿಗೆ ಚೆನ್ನಾಗಿ ಗೊತ್ತು. ನಾಬ್, ಕವೆ, ಪಿನ್, ಈ ಮೂರೇ. ಅವನ್ನು ಬಿಡಿಯಾಗಿ ಮಾರಿದರೆ ಚೆನ್ನಾಗಿರುವ ಪ್ಯಾನೆಲ್ ಒಂದು ಕಸಕ್ಕೆ ಹೋಗುವುದು ತಪ್ಪುತ್ತದೆ. ಕೆಲವು ಮಾಡೆಲ್‌ಗಳಿಗೆ ಹೊರಗಿನವರು ಬರೀ ನಾಬ್ ಮತ್ತು ಕವೆಯ ಕಿಟ್ ಮಾಡಿ ಮಾರುತ್ತಿದ್ದಾರೆ. ಹೊರಗಿನವರಿಗೆ ಆಗುವುದು ಇವರಿಗೆ ಯಾಕೆ ಆಗುವುದಿಲ್ಲ?

ಹಳೆಯ ಮೆಕ್ಯಾನಿಕ್
ಅದು ನ್ಯಾಯವಾದ ಪ್ರಶ್ನೆ. ನನ್ನ ಕಡೆಯಿಂದ ಒಂದು ಸಲಹೆ: ಹೊಸದು ತರಿಸಲೇಬೇಕಾದರೆ ಭಾಗ ಮಾತ್ರ ಕೊಂಡು ನೀವೇ ಕೂರಿಸಿ. ಬಿಲ್‌ನಲ್ಲಿ ಕೂಲಿಯ ಪಾಲು ಸಣ್ಣದಲ್ಲ. ಕಾರು ವಾರಂಟಿಯಲ್ಲಿ ಇದ್ದರೆ ಮಾತ್ರ ಮೊದಲು ಅವರನ್ನೇ ಕೇಳಿ. ಹೋಲ್ಡರ್ ಗುರುತು ಇಲ್ಲದ ವೆಂಟ್‌ಗಳನ್ನು ಎಷ್ಟೋ ಸಲ ಉಚಿತವಾಗಿ ಬದಲಾಯಿಸಿದ್ದೇವೆ.

ಗುಜರಿ ಗುರು
ಗುಜರಿಯನ್ನೂ ಮರೆಯಬೇಡಿ. ಅಪಘಾತವಾದ ಕಾರಿನ ಮುಂಭಾಗ ನಜ್ಜುಗುಜ್ಜಾಗಿದ್ದರೂ ವೆಂಟ್ ಚೆನ್ನಾಗಿರುತ್ತದೆ. ಬಣ್ಣ ಹೊಂದದಿದ್ದರೂ ಪರವಾಗಿಲ್ಲ, ಒಳಗಿನ ಪಟ್ಟಿ ಮಾತ್ರ ತೆಗೆದು ನಿಮ್ಮ ಚೌಕಟ್ಟಿಗೆ ಹಾಕಿ. ಹಿಂಭಾಗದಲ್ಲಿ ಅಚ್ಚಾದ ಪಾರ್ಟ್ ನಂಬರ್ ಹೋಲಿಸಿಯೇ ಕೊಳ್ಳಿ.

ಕಿಟಕಿ ಪಕ್ಕ
ನನ್ನದು ಸ್ವಲ್ಪ ಬೇರೆ. ಪಟ್ಟಿಗಳೆಲ್ಲ ಚೆನ್ನಾಗಿವೆ, ಎಡಗಡೆ ವೆಂಟ್‌ನಿಂದ ಗಾಳಿಯೇ ಬರುತ್ತಿಲ್ಲ. ಕಾರು ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡ್ ಒಳಗಿನಿಂದ ಕಟಕಟ ಶಬ್ದ ಬರುತ್ತದೆ. ವೆಂಟ್ ಬಿಚ್ಚಲಾ?

ವೈರಿಂಗ್ ಅಕ್ಕ
ಬೇಡ. ಸ್ಟಾರ್ಟ್ ಮಾಡಿದಾಗ ಕಟಕಟ ಅಂದರೆ ಹೆಚ್ಚಾಗಿ ಒಳಗಿನ ಗಾಳಿ ಬಾಗಿಲು ತಿರುಗಿಸುವ ಸಣ್ಣ ಮೋಟಾರ್‌ನ ಹಲ್ಲು ಸವೆದಿದೆ. ಅದು ವೆಂಟ್ ಕೆಲಸವಲ್ಲ. ಗಾಳಿ ಎಲ್ಲ ಕಡೆಯೂ ಕಡಿಮೆ ಇದ್ದರೆ ಮೊದಲು ಕ್ಯಾಬಿನ್ ಫಿಲ್ಟರ್ ನೋಡಿ, ಸಾಮಾನ್ಯವಾಗಿ ಗ್ಲವ್ ಬಾಕ್ಸ್ ಹಿಂದೆ ಇರುತ್ತದೆ.

ಕಿಟಕಿ ಪಕ್ಕ
ಫಿಲ್ಟರ್ ತೆಗೆದೆ, ಪೂರ್ತಿ ಒಣಎಲೆ ತುಂಬಿತ್ತು! ಉಳಿದ ವೆಂಟ್‌ಗಳಲ್ಲಿ ಗಾಳಿ ಜೋರಾಗಿದೆ. ಎಡಗಡೆ ಮಾತ್ರ ಇನ್ನೂ ಇಲ್ಲ. ಹಾಗಾದರೆ ಮೋಟಾರೇ. ಬೇರೆ ಪ್ರಶ್ನೆಯಾಗಿ ಕೇಳುತ್ತೇನೆ.

ಎಂಜಿನ್ ಬಿಸಿ
ಕೆಲವು ಹೊಸ ಕಾರುಗಳಲ್ಲಿ ಈ ಪಟ್ಟಿಗಳೇ ಇಲ್ಲ. ಟೆಸ್ಲಾ ಮಾಡೆಲ್ 3ರಲ್ಲಿ ಒಂದು ಉದ್ದ ಸೀಳು ಅಷ್ಟೇ, ಗಾಳಿಯ ದಿಕ್ಕನ್ನು ಸ್ಕ್ರೀನ್ ಮೇಲೆ ಬೆರಳಾಡಿಸಿ ಬದಲಾಯಿಸಬೇಕು.

ನಿಧಾನವೇ ದಾರಿ
ಓಡಿಸುವಾಗ ಸ್ಕ್ರೀನ್ ನೋಡಬೇಕಾದ ಕೆಲಸ ನನಗೆ ಇಷ್ಟವಿಲ್ಲ. ನಾಬ್ ಆದರೆ ಕಣ್ಣು ರಸ್ತೆಯ ಮೇಲೇ ಇರುತ್ತದೆ, ಕೈಗೆ ಜಾಗ ಗೊತ್ತಿರುತ್ತದೆ. ಮುರಿದರೆ ಒಂದು ಸೂಜಿ ಸಾಕು. ಸ್ಕ್ರೀನ್ ಕೆಟ್ಟರೆ ಮನೆಯಲ್ಲಿ ಕೂತು ಏನು ಮಾಡುತ್ತೀರಿ?

ಎಂಜಿನ್ ಬಿಸಿ
ಈ ಮಾತು ಮಾತ್ರ ಒಪ್ಪುತ್ತೇನೆ.

ನಾಲ್ಕುಚಕ್ರ
ವಿಷಯಕ್ಕೆ ಬರೋಣ. ಕೆಲಸ ಮುಗಿಯಿತು. ಪ್ಯಾನೆಲ್ ಹೀಟರ್ ಬಿಸಿಯಲ್ಲಿ ನಿಧಾನವಾಗಿ ಬಂತು, ಒಂದು ಲೋಹದ ಕ್ಲಿಪ್ ಹೇಳಿದ ಹಾಗೇ ಡ್ಯಾಶ್‌ಬೋರ್ಡ್‌ನಲ್ಲೇ ಉಳಿದಿತ್ತು. ಹಜಾರ್ಡ್ ಸ್ವಿಚ್ ಪ್ಲಗ್ ಕಳಚಿ, ಮತ್ತೆ ಹಾಕುವ ತನಕ ಬ್ಯಾಟರಿ ತಂತಿ ಜೋಡಿಸಲಿಲ್ಲ. ಚೌಕಟ್ಟಿನ ಮೇಲೆ ಎಬಿಎಸ್ ಅಂತ ಇತ್ತು. ಪಟ್ಟಿಗೆ ಅಸಿಟೋನ್ ಮುಟ್ಟಿಸಿದರೆ ಏನೂ ಆಗಲಿಲ್ಲ. ನೀರಲ್ಲಿ ಮುಳುಗಿತು. ಹಾಗಾಗಿ ಎಪಾಕ್ಸಿ ಬಿಟ್ಟು ಬಿಸಿ ಸೂಜಿಯನ್ನೇ ಹಾಕಿದೆ, ವೈರ್ ಕವಚ ತೊಡಿಸಿ ಕೂರಿಸಿದೆ. ಎಲ್ಲ ಪಟ್ಟಿಗಳೂ ಒಟ್ಟಿಗೆ ತಿರುಗುತ್ತಿವೆ. ನಾಬ್ ಹೊಸ ಕಾರಿನಲ್ಲಿದ್ದಷ್ಟೇ ಬಿಗಿ. ಟಿಕ್ ಟಿಕ್ ತುಂಡು ಬಟ್ಟೆ ಕಟ್ಟಿದ ಕೊಳವೆಗೆ ಸಿಕ್ಕಿತು.

ಒಂದು ವಿಷಯ ಯಾರೂ ಹೇಳಿರಲಿಲ್ಲ, ಮುಂದೆ ಮಾಡುವವರಿಗೆ: ಪಟ್ಟಿ ವಾಪಸ್ ಕೂರಿಸುವಾಗ ಕವೆ ಮೊದಲು ಹಿಂದಿನ ಉದ್ದ ಪಟ್ಟಿಯನ್ನು ಕಚ್ಚಬೇಕು, ಆಮೇಲೆ ತುದಿಯ ಪಿನ್‌ಗಳು. ಉಲ್ಟಾ ಮಾಡಿದರೆ ಕವೆ ಒಳಗೆ ಹೋಗುವುದಿಲ್ಲ, ಒತ್ತಿದರೆ ಕಾಲು ಮುರಿಯುತ್ತದೆ. ಹಿಂದಿನ ಪಟ್ಟಿಗಳನ್ನು ನೇರಕ್ಕೆ ನಿಲ್ಲಿಸಿಕೊಂಡರೆ ಸುಲಭ.

ಸೂಜಿಕಣ್ಣು
ಬಹಳ ಸಂತೋಷ. ಅಸಿಟೋನ್‌ಗೆ ಬಗ್ಗಲಿಲ್ಲ ಅಂದರೆ ಬಿಸಿ ಸೂಜಿಯೇ ಸರಿಯಾದ ದಾರಿ. ಹೋಲ್ಡರ್ ಎಲ್ಲಿ ಇಡುತ್ತೀರಿ ಈಗ?

ನಾಲ್ಕುಚಕ್ರ
ಡ್ಯಾಶ್‌ಬೋರ್ಡ್ ಮೇಲೆ ಅಂಟಿಸುವಂಥದ್ದು ತಗೊಂಡೆ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಮುಚ್ಚಳದಿಂದ ದೂರ.

ಹೊಸಬ
ನನ್ನದರಲ್ಲಿ ಪಟ್ಟಿ ಮುರಿದಿಲ್ಲ, ಎತ್ತಿ ನಿಲ್ಲಿಸಿದರೆ ತಾನೇ ಬೀಳುತ್ತದೆ. ಎಣ್ಣೆ ಬಿಡಲಾ?

ಸಣ್ಣ ಕೈ
ಎಣ್ಣೆ ಬೇಡ, ಇನ್ನೂ ಸಡಿಲವಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ, ಕೆಲವು ಪ್ಲಾಸ್ಟಿಕ್‌ಗಳಲ್ಲಿ ಬಿರುಕು ತರುತ್ತದೆ. ಬೀಳುವ ಪಟ್ಟಿಗೆ ಪಿನ್ ಪಕ್ಕದ ಸಂದಿಯಲ್ಲಿ ತೆಳು ಫೋಮ್ ಟೇಪ್‌ನ ಒಂದು ಚೂರು ಚಿಮಟದಿಂದ ಸಿಕ್ಕಿಸಿ. ವೆಂಟ್ ಬಿಚ್ಚದೆಯೇ ಆಗುತ್ತದೆ. ಪಟ್ಟಿ ಬಿಗಿಯಾಗಿ ಕಿರ್ ಅಂದರೆ ಮಾತ್ರ ಸಿಲಿಕೋನ್ ಗ್ರೀಸ್, ಅದೂ ಸೂಜಿ ಮೊನೆಯಷ್ಟು.

ಹೊಸಬ
ಗಾಳಿ ಮುಚ್ಚುವ ಚಕ್ರವೂ ಸುಮ್ನೆ ತಿರುಗುತ್ತದೆ, ಬಾಗಿಲು ಮುಚ್ಚುವುದಿಲ್ಲ.

ಗುಜರಿ ಗುರು
ಚಕ್ರದಿಂದ ಹಿಂದಿನ ಬಾಗಿಲಿಗೆ ಒಂದು ಸಣ್ಣ ಕಡ್ಡಿ ಹೋಗುತ್ತದೆ, ಅದು ತಪ್ಪಿದೆ. ಅದಕ್ಕೆ ವೆಂಟ್ ಹೊರಗೆ ತೆಗೆಯಲೇಬೇಕು. ಕಡ್ಡಿ ಮುರಿಯದಿದ್ದರೆ ಬೆರಳಲ್ಲಿ ಒತ್ತಿ ಕೂರಿಸಬಹುದು. ಕಳೆದುಹೋಗಿದ್ದರೆ ಗಟ್ಟಿ ತಂತಿಯನ್ನು ಎರಡು ತುದಿ ಮಡಚಿ ಅದೇ ಉದ್ದಕ್ಕೆ ಮಾಡಿ. ಅಳತೆ ಬೇಕಾದರೆ ಇನ್ನೊಂದು ಬದಿಯ ವೆಂಟ್ ನೋಡಿ. ಆದರೆ ಅದು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇರುತ್ತದೆ. ಮಡಚುವ ದಿಕ್ಕು ಬದಲಿಸಿ.